ಗಂಟು ಗಟ್ಟಿ ಇದ್ರೆ ಗಾಳ ಗಟ್ಟಿ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ಇಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ, ಊರೇ ಹೆಸರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ರಾತ್ರಿ ಅಸೈನ್‌ಮೆಂಟ್ ಬರೆಯೋ ಹೊತ್ತಲ್ಲಿ ಅಮೆರಿಕದವರ ಬಾಸ್ ಮೀನು ಹಿಡಿಯೋ ವಿಡಿಯೋ ನೋಡೋದು ನಮ್ಮ ಚಟ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಸೇರಿ ದೋಣೀಲಿ ಹೋಗಿ, ಪ್ಲಾಸ್ಟಿಕ್ ಕಪ್ಪೆ ಎಸೆದು, ದೊಡ್ಡ ಬಾಯಿಯ ಮೀನು ಎಳೆಯೋದನ್ನ ನೋಡಿ ನಮಗೂ ಹುಕಿ ಬಂತು. ನಾಲ್ವರೂ ದುಡ್ಡು ಹಾಕಿ ಆನ್‌ಲೈನಲ್ಲಿ ಒಂದು ಕಾರ್ಬನ್ ರಾಡು, ಒಂದು ರೀಲು ತರಿಸಿದ್ವಿ. ದೀಪಾವಳಿ ರಜೆಗೆ ಚನ್ನಗಿರಿಯವನ ಮನೆಯವರ ಜೊತೆ ಸೂಳೆಕೆರೆಗೆ ಹೊರಟ್ವಿ.

ಮೀನು ಸಿಕ್ಕಿದ್ದು ನಮ್ಮ ಯಾರಿಗೂ ಅಲ್ಲ, ಎಂಟನೇ ಕ್ಲಾಸಿನ ಅವನ ತಂಗಿಗೆ. ರಾಡು ಬಿಲ್ಲಿನ ಹಾಗೆ ಬಾಗಿತು, ನಾವೆಲ್ಲ ಕೂಗಾಡಿದ್ವಿ, ಅಷ್ಟರಲ್ಲಿ ಟಪ್ ಅಂತ ದಾರ ಸಡಿಲ ಆಯ್ತು. ಎಳೆದು ನೋಡಿದರೆ ದಾರ ಪೂರ್ತಿ ಇದೆ, ತುದಿಯಲ್ಲಿ ಗಾಳ ಇಲ್ಲ. ಗಾಳ ಕಟ್ಟಿದ ಜಾಗದಲ್ಲೇ ಕಿತ್ತಿತ್ತು. ಮೀನು ಹೋಯ್ತಲ್ಲ ಅಂತ ಅವಳು ಅಳ್ತಾಳೆ ಅಂದ್ಕೊಂಡ್ವಿ. ಅವಳು ಕೇಳಿದ್ದೇ ಬೇರೆ: "ಅಣ್ಣಾ, ಗಾಳ ಅದರ ಬಾಯಲ್ಲೇ ಐತಲ್ಲ, ಇನ್ನು ಅದು ಹೆಂಗೆ ತಿನ್ನುತ್ತೆ?"

ನಾಲ್ಕು ಜನ ಎಂಜಿನಿಯರಿಂಗ್ ಹುಡುಗರ ಹತ್ರ ಉತ್ತರ ಇರಲಿಲ್ಲ. ಏರಿ ಮೇಲೆ ಕೂತಿದ್ದ ಅಜ್ಜ ಮಾತ್ರ, "ಗಂಟು ಯಾರು ಹಾಕಿದ್ದು?" ಅಂತ ಒಂದೇ ಮಾತು ಕೇಳಿದರು. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಮ್ಮಲ್ಲಿ ಬಾಸ್ ಎಲ್ಲಿದೆ?

ನಮ್ಮ ಕೆರೆಗಳಲ್ಲಿ ಇಲ್ಲ. ವಿಡಿಯೋದಲ್ಲಿ ನೋಡೋ ದೊಡ್ಡ ಬಾಯಿಯ ಬಾಸ್ ಉತ್ತರ ಅಮೆರಿಕದ ಮೀನು. ಆದರೆ ಅದರ ಥರಾನೇ ಬದುಕೋ ಒಂದು ಮೀನು ನಮ್ಮಲ್ಲಿದೆ. ಕೊರವ, ಕೊರಮೀನು, ಮರಲ್ ಅಂತ ಊರಿಗೊಂದು ಹೆಸರು. ತಲೆ ಹಾವಿನ ಹಾಗಿರುತ್ತೆ. ಇದೂ ಬಾಸಿನ ಹಾಗೆ ಜೊಂಡು, ತಾವರೆ ಎಲೆಗಳ ಮರೆಯಲ್ಲಿ ಹೊಂಚು ಹಾಕಿ, ಮೇಲೆ ಹೋಗೋ ಕಪ್ಪೆಯ ಮೇಲೆ ಎಗರುತ್ತೆ. ಹಾಗಾಗಿ ಅಲ್ಲಿನ ಪ್ಲಾಸ್ಟಿಕ್ ಕಪ್ಪೆ ಇಲ್ಲೂ ಕೆಲಸ ಮಾಡುತ್ತೆ. ಕೊರವ ಗಾಳಿಯನ್ನೂ ಉಸಿರಾಡೋ ಮೀನಾದ್ದರಿಂದ ಆಗಾಗ ನೀರಿನ ಮೇಲೆ ಬಂದು ಗುಟುಕು ಎಳೆಯುತ್ತೆ, ಎಲ್ಲಿದೆ ಅಂತ ಗೊತ್ತಾಗೋದು ಅದರಿಂದಲೇ.

ಇನ್ನೊಂದು ಹೋಲಿಕೆಯೂ ಇದೆ. ಎರಡೂ ಮೀನು ಮರಿಗಳನ್ನು ಕಾಯುತ್ತವೆ. ನೀರಿನ ಮೇಲೆ ಕೆಂಪು ಕೆಂಪಾಗಿ ಕೊರವದ ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ ತಂದೆ ಇವೆ ಅಂತ ಅರ್ಥ. ಅಲ್ಲಿ ಗಾಳ ಎಸೆದರೆ ಮೀನು ಸಲೀಸಾಗಿ ಸಿಗುತ್ತೆ, ಆದರೆ ಮರಿಗಳನ್ನೆಲ್ಲ ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಅಲ್ಲಿ ಎಸೆಯಬಾರದು.

ಕೊರವ ಬಿಟ್ಟರೆ ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ, ಜಿಲೇಬಿ. ಇವಕ್ಕೆ ಕಪ್ಪೆ ಗಿಪ್ಪೆ ಬೇಡ, ಹಿಟ್ಟಿನ ಉಂಡೆ, ಎರೆಹುಳ, ಬೆಂದ ಮೆಕ್ಕೆಜೋಳ ಸಾಕು.

ಬಕೆಟ್ ಪರೀಕ್ಷೆ

ರಜೆ ಮುಗಿಸಿ ಬಂದವರೇ ಹಾಸ್ಟೆಲ್ ಕಾರಿಡಾರಿನಲ್ಲಿ ಲ್ಯಾಬ್ ಶುರು ಮಾಡಿದ್ವಿ. ಸಲಕರಣೆ: ಒಂದು ಬಕೆಟ್, ಒಂದು ಲೀಟರ್ ಬಾಟಲಿ, ಕಿಟಕಿ ಸರಳು. ಗಾಳವನ್ನು ಸರಳಿಗೆ ಸಿಕ್ಕಿಸಿ, ದಾರದ ಇನ್ನೊಂದು ತುದಿಗೆ ಬಕೆಟ್ ಕಟ್ಟಿ, ನೆಲದಿಂದ ಎರಡು ಬೆರಳು ಮೇಲೆ ತೂಗಿಬಿಟ್ವಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಬಾಟಲಿ ಬಾಟಲಿ ಸುರಿಯೋದು, ಯಾವಾಗ ಕೀಳುತ್ತೆ ನೋಡೋದು. ಗಾಳ ಹಾರಿ ಕಣ್ಣಿಗೆ ಬೀಳದ ಹಾಗೆ ಮುಖ ದೂರ ಇಟ್ಕೊಳ್ಳಿ.

ದಾರದ ಪೊಟ್ಟಣದ ಮೇಲೆ 6 ಕೆಜಿ ಅಂತ ಬರೆದಿತ್ತು. ಚಪ್ಪಲಿ ಬಾರಿಗೆ ಹಾಕೋ ಹಾಗೆ ಹಾಕಿದ್ದ ನಮ್ಮ ಸಾದಾ ಗಂಟು ಮೂರನೇ ಬಾಟಲಿಗೇ ಕೈಕೊಟ್ಟಿತು. ಅದೇ ದಾರ, ಅದೇ ಗಾಳ, ಗಂಟು ಮಾತ್ರ ಬದಲಾಯಿಸಿದಾಗ ಐದನೇ ಬಾಟಲಿವರೆಗೂ ತಡೆಯಿತು.

ಕಾರಣ ಸರಳ. ಗಂಟಿನೊಳಗೆ ದಾರ ಚೂಪಾಗಿ ಬಾಗುತ್ತೆ. ಬಾಗಿನ ಹೊರಬದಿಗೆ ಎಳೆತ ಜಾಸ್ತಿ, ಒಳಬದಿಗೆ ಒತ್ತಡ. ದಾರ ತನ್ನನ್ನೇ ಕತ್ತರಿಸಿಕೊಳ್ಳೋಕೆ ಶುರು ಮಾಡುತ್ತೆ. ಸುತ್ತುಗಳು ಜಾಸ್ತಿ ಇರೋ ಗಂಟಿನಲ್ಲಿ ಎಳೆತ ಸುತ್ತಿಂದ ಸುತ್ತಿಗೆ ಘರ್ಷಣೆಯಿಂದ ಕಮ್ಮಿ ಆಗ್ತಾ ಹೋಗುತ್ತೆ. ಸ್ಟ್ರೆಸ್ ಕಾನ್ಸಂಟ್ರೇಷನ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡ್ತೀವಲ್ಲ, ಅದೇ ಇದು.

ಆ ಗಂಟು ಹೀಗೆ: ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಅದೇ ದಾರದ ಸುತ್ತ ಐದಾರು ಸುತ್ತು ಸುತ್ತಿ. ಕಣ್ಣಿನ ಪಕ್ಕ ಒಂದು ಸಣ್ಣ ಕುಣಿಕೆ ಉಳಿದಿರುತ್ತೆ, ತುದಿಯನ್ನು ಅದರೊಳಗೆ ತನ್ನಿ. ಈಗ ಇನ್ನೊಂದು ದೊಡ್ಡ ಕುಣಿಕೆ ಆಗಿರುತ್ತೆ, ಅದರೊಳಗೂ ತೂರಿಸಿ. ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಒಣಗಿದ್ದಾಗ ಜೋರಾಗಿ ಎಳೆದರೆ ಘರ್ಷಣೆಯ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತೆ. ಇದನ್ನು ಮನೇಲೇ ಕಲಿತುಕೊಳ್ಳಿ, ಕೆರೆ ದಂಡೆ ಮೇಲೆ ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ.

ಕೊಳ್ಳುವಾಗ ಏನು ನೋಡಬೇಕು?

ದಾರ: ದಾರದ ಶಕ್ತಿ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತೆ. 0.25 ಮಿ.ಮೀ. ದಾರದ ಬದಲು ಅದೇ ಜಾತಿಯ 0.35 ಮಿ.ಮೀ. ತಗೊಂಡರೆ ಶಕ್ತಿ ಹೆಚ್ಚುಕಮ್ಮಿ ಎರಡರಷ್ಟು. ಬಿಸಿಲಿಗೆ ನೈಲಾನ್ ಹಾಳಾಗುತ್ತೆ, ಹಾಗಾಗಿ ಅಂಗಡಿ ಮುಂದೆ ಬಿಸಿಲಲ್ಲಿ ನೇತಾಡೋ ಸುರುಳಿ ಬೇಡ. ಹೆಣೆದ ದಾರ ತೆಳುವಾಗಿದ್ದೂ ಗಟ್ಟಿ. ಆದರೆ ಎಳೆದಾಗ ಬೆರಳು ಕೊಯ್ಯುತ್ತೆ, ಮಕ್ಕಳ ಕೈಗೆ ಕೊಡಬೇಡಿ.

ರೀಲು: ಮೊದಲು ನೋಡಬೇಕಾದ್ದು ಡ್ರ್ಯಾಗ್. ಬೈಕಿನ ಕ್ಲಚ್ ಪ್ಲೇಟಿನ ಹಾಗೆ ಇದರಲ್ಲೂ ಜಾರುವ ತಟ್ಟೆಗಳಿವೆ. ಎಳೆತ ಮಿತಿ ಮೀರಿದಾಗ ದಾರ ಕೀಳೋ ಬದಲು ಜಾರಿ ಬಿಚ್ಚಿಕೊಳ್ಳುತ್ತೆ. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಇದನ್ನು ಹೊಂದಿಸಬೇಕು. 6 ಕೆಜಿ ದಾರಕ್ಕೆ 1.5ರಿಂದ 2 ಕೆಜಿ. ಲಗೇಜ್ ತೂಗೋ ತಕ್ಕಡಿಗೆ ಕಟ್ಟಿ ಎಳೆದು ನೋಡಿದರೆ ಸಾಕು. ಎಳೆದಾಗ ದಾರ ಒಂದೇ ಸಮ ಬರಬೇಕು, ತಡೆದು ತಡೆದು ಬಂದರೆ ಆ ರೀಲು ಬೇಡ.

"ಹತ್ತು ಕೆಜಿ ಕಾಟ್ಲಾ ಬಂದರೆ 6 ಕೆಜಿ ದಾರ ತಡಿಯುತ್ತಾ?" ಅಂತ ಜಗಳೂರಿನವನ ಪ್ರಶ್ನೆ. ನೀರಿನಲ್ಲಿ ಮೀನಿಗೆ ಹೆಚ್ಚುಕಮ್ಮಿ ತೂಕವೇ ಇಲ್ಲ, ಆರ್ಕಿಮಿಡೀಸ್ ಹೇಳಿದ್ದು ಅದನ್ನೇ. ದಾರ ತಡೆಯೋದು ಮೀನಿನ ಎಳೆತವನ್ನು ಮಾತ್ರ. ಡ್ರ್ಯಾಗ್ ಸರಿ ಇದ್ದರೆ ತಡಿಯುತ್ತೆ. ಆದರೆ ನೀರಿಂದ ಮೇಲೆತ್ತಿದ ಕ್ಷಣ ಪೂರ್ತಿ ತೂಕ ದಾರದ ಮೇಲೆ. ಅದಕ್ಕೇ ಕೈಬಲೆ ಬೇಕು.

ರಾಡು: ಕಾರ್ಬನ್ ಹಗುರ, ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತೆ. ಫೈಬರ್ ಗ್ಲಾಸ್ ಸ್ವಲ್ಪ ಭಾರ, ಒರಟು ಕೈ ತಡೆಯುತ್ತೆ, ಮನೆಮಂದಿಗೆಲ್ಲ ಅದೇ ಸರಿ. ರಾಡಿನ ಉಂಗುರಗಳ ಒಳಗೆ ಒಂದು ಚೂರು ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ, ಅದು ದಾರವನ್ನೂ ಸೀಳುತ್ತೆ.

ಮುಖ್ಯವಾದ ಮಾತು: ಕಾರ್ಬನ್ ವಿದ್ಯುತ್ ವಾಹಕ. ನಮ್ಮ ಕೆರೆ ಏರಿ, ಪಂಪ್‌ಸೆಟ್ ಪಕ್ಕದಲ್ಲೆಲ್ಲ ಕರೆಂಟಿನ ತಂತಿ ಹಾದಿರುತ್ತೆ. ರಾಡು ಎತ್ತುವ ಮೊದಲು ತಲೆ ಎತ್ತಿ ನೋಡಿ. ಒದ್ದೆಯಾದ ಗ್ಲಾಸ್ ರಾಡನ್ನೂ ನಂಬಬೇಡಿ. ಗುಡುಗು ಕೇಳಿದರೆ ಎಲ್ಲ ಮಡಚಿ ಹೊರಡಿ.

ಗಾಳ: ತುದಿಯನ್ನು ಹೆಬ್ಬೆರಳಿನ ಉಗುರ ಮೇಲೆ ಇಡಿ. ಜಾರಿದರೆ ಮೊಂಡು, ನಿಂತರೆ ಚೂಪು. ಹಿಂದಿನ ಸಣ್ಣ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಮೀನಿನ ಬಾಯಿಂದಲೂ ಮಗುವಿನ ಬೆರಳಿಂದಲೂ ಸುಲಭವಾಗಿ ಬಿಡಿಸಬಹುದು. ಸೀಸದ ಗುಂಡು ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ.

ಒಂದು ಜಿಲ್ಲೆ, ನಾಲ್ಕು ನೀರು

1997ರಲ್ಲಿ ದಾವಣಗೆರೆ ಜಿಲ್ಲೆ ಆಗೋ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಗಿದ್ದು ಈಚೆಗೆ. ನೀರೂ ಹಾಗೇ ಬೇರೆ ಬೇರೆ.

ಸೂಳೆಕೆರೆ, ಅಂದರೆ ಶಾಂತಿಸಾಗರ, ಏಷ್ಯಾದ ದೊಡ್ಡ ಕೆರೆಗಳಲ್ಲೊಂದು ಅಂತ ಹೆಸರಾದದ್ದು. ಬಯಲು ಗಾಳಿ, ಅಲೆ ಜಾಸ್ತಿ, ಹಗುರ ಬೆಂಡು ನಿಲ್ಲಲ್ಲ. ಚಿತ್ರದುರ್ಗದವರು ಕುಡಿಯೋದೂ ಈ ನೀರನ್ನೇ, ಒಂದು ತುಂಡು ದಾರವನ್ನೂ ಬಿಟ್ಟು ಬರಬೇಡಿ.

ಹೊನ್ನಾಳಿಯಲ್ಲಿ ತುಂಗಭದ್ರೆಯ ಹರಿವು. ಗುಂಡು ಭಾರದ್ದು ಬೇಕು. ಮೇಲೆ ತುಂಗೆಗೆ ಗಾಜನೂರು, ಭದ್ರೆಗೆ ಲಕ್ಕವಳ್ಳಿ ಅಣೆಕಟ್ಟು. ಅಲ್ಲಿ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತೆ. ಮಳೆಗಾಲ ಮೀನು ಮೊಟ್ಟೆ ಇಡೋ ಕಾಲವೂ ಹೌದು. ಆಗ ಹೊಳೆ ಕಡೆ ಹೋಗಲೇಬೇಡಿ.

ನ್ಯಾಮತಿ ಕಡೆಯ ಸಣ್ಣ ಕೆರೆಗಳಿಗೆ ಬಿದಿರು ಗಳ, ಬೆಂಡು, ಎರೆಹುಳ ಸಾಕು, ಮಕ್ಕಳು ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಕಾಂಕ್ರೀಟ್ ಕಾಲುವೆ ದಂಡೆ ಬೇಡ. ಪಾಚಿಯ ಮೇಲೆ ಕಾಲು ಜಾರಿದರೆ ಹತ್ತಿ ಬರೋಕೆ ಹಿಡಿತವೇ ಸಿಗಲ್ಲ.

ಜಗಳೂರು ಬರದ ಸೀಮೆ. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸೋ ಯೋಜನೆ ಬಂದ ಮೇಲೆ ಒಣಗಿದ್ದ ಕೆರೆಗಳಿಗೂ ನೀರು ಬರ್ತಿದೆ. "ನಮ್ಮಪ್ಪಗೆ ಮೀನು ಮುಖ್ಯ ಅಲ್ಲ, ಕೆರೇಲಿ ನೀರು ನೋಡೋದೇ ಹಬ್ಬ" ಅಂತಾನೆ ನಮ್ಮ ಜಗಳೂರು.

ಎಲ್ಲೇ ಹೋಗಿ, ಮೊದಲು ಕೇಳಿ. ಎಷ್ಟೋ ಕೆರೆಗಳ ಮೀನಿನ ಹಕ್ಕು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತೆ. ಅವರು ದುಡ್ಡು ಕೊಟ್ಟು ಮರಿ ಬಿಟ್ಟಿರ್ತಾರೆ. ನಮಗೆ ಮೋಜು, ಅವರಿಗೆ ಅನ್ನ.

ಮತ್ತೆ ಸೂಳೆಕೆರೆ

ಸಂಕ್ರಾಂತಿಗೆ ಮತ್ತೆ ಹೋದ್ವಿ. ಈ ಸಲ ಗ್ಲಾಸ್ ರಾಡು, ಮುಳ್ಳು ಅದುಮಿದ ಗಾಳ, ತೂಗಿ ಹೊಂದಿಸಿದ ಡ್ರ್ಯಾಗ್. ಗಂಟು ಹಾಕೋಕೆ ನಾವು ಕೈ ಚಾಚಿದರೆ ತಂಗಿ ಕೊಡಲಿಲ್ಲ. ಸುತ್ತು ಎಣಿಸಿ ಎಣಿಸಿ ತಾನೇ ಹಾಕಿ, ನೀರಲ್ಲಿ ಅದ್ದಿ ಬಿಗಿದು, ಅಜ್ಜನ ಕೈಗಿತ್ತಳು. ಅಜ್ಜ ಎರಡೂ ಕಡೆ ಹಿಡಿದು ಒಮ್ಮೆ ಜಗ್ಗಿ ನೋಡಿ, ಏನೂ ಮಾತಾಡದೆ ವಾಪಸ್ ಕೊಟ್ಟರು.

ಆವತ್ತು ಸಿಕ್ಕಿದ್ದು ಅಂಗೈಯಗಲದ ಒಂದೇ ಒಂದು ಜಿಲೇಬಿ. ಗಾಳ ಬಿಡಿಸೋಕೆ ಅವಳಿಗೆ ಎರಡು ಸೆಕೆಂಡೂ ಹಿಡೀಲಿಲ್ಲ.