ನಿಮಗಿದು ಗೊತ್ತೆ? ಗಡ್ಡವಿಲ್ಲದ ಯೇಸು
ಯೇಸುವಿನ ಮೈಬಣ್ಣ ಯಾವುದು, ಕೂದಲು ಎಷ್ಟುದ್ದ ಎಂಬ ಬಗ್ಗೆ ನಾಲ್ಕು ಸುವಾರ್ತೆಗಳಲ್ಲಿ ಒಂದು ಮಾತೂ ಇಲ್ಲ. ಕ್ಯಾಲೆಂಡರ್‌ಗಳಲ್ಲಿ ಕಾಣುವ ಗಡ್ಡ, ನೀಳ ಕೂದಲು ರೂಢಿಗೆ ಬಂದದ್ದು ನಾಲ್ಕನೇ ಶತಮಾನದಿಂದ ಈಚೆಗೆ. ಬಿಳಿ ಮೈಬಣ್ಣ ಯುರೋಪಿನ ಕಲಾವಿದರು ತಮ್ಮವರನ್ನು ನೋಡಿ ಬಳಿದದ್ದು.

ಸಿರಿಯಾದ ದೂರಾ ಯುರೋಪಸ್‌ನಲ್ಲಿ, ಪ್ರಾರ್ಥನಾ ಮಂದಿರವಾಗಿದ್ದ ಮನೆಯೊಂದರ ಗೋಡೆಯ ಮೇಲೆ ಕ್ರಿ.ಶ. 235ರ ಸುಮಾರಿಗೆ ಬರೆದ ಚಿತ್ರದಲ್ಲಿ ಯೇಸುವಿಗೆ ಗಡ್ಡವಿಲ್ಲ, ಕೂದಲು ಗಿಡ್ಡ. ಪಕ್ಕದಲ್ಲೇ, ಯೇಸು ವಾಸಿಮಾಡಿದ ಪಾರ್ಶ್ವವಾಯು ರೋಗಿ ತಾನು ಮಲಗಿದ್ದ ಮಂಚವನ್ನು ಬೆನ್ನ ಮೇಲೆ ಹೊತ್ತು ಹೊರಟಿದ್ದಾನೆ. ಆ ನಡಿಗೆಯೇ ಚಿತ್ರದ ಜೀವ! ಪರ್ಷಿಯನ್ನರ ಮುತ್ತಿಗೆ ತಡೆಯಲು ರೋಮನ್ ಸೈನಿಕರು ಊರಿನ ಕೋಟೆಗೋಡೆಗೆ ಒತ್ತಿ ಮಣ್ಣು ತುಂಬಿದಾಗ ಅದರ ಪಕ್ಕದಲ್ಲಿದ್ದ ಈ ಮನೆ ಹೂತುಹೋಯಿತು. ಚಿತ್ರ ಉಳಿದದ್ದು ಅದರಿಂದಲೇ. ಈಗದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ.