ಅಚ್ಚಿನ ಮನೆಯಲ್ಲಿ ಕೆಲವು ದಿನಗಳ ಶಿಷ್ಯತ್ವ

ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಶಿಲಾಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ಪಟಗಳು ಕನ್ನಡನಾಡಿನ ದೇವರ ಗೂಡುಗಳನ್ನು ಸೇರಿದಂದಿನಿಂದ, ಅಚ್ಚಾದ ಚಿತ್ರವೆಂದರೆ ಎಲ್ಲಿಯೋ ಇರುವ ಮೂಲಚಿತ್ರವೊಂದರ ಅಗ್ಗದ ಪ್ರತಿ ಎಂಬ ಭಾವನೆ ನಮ್ಮ ಜನದಲ್ಲಿ ದೃಢವಾಗಿ ಬೇರೂರಿದೆ. ಆ ಪಟಗಳ ಮಟ್ಟಿಗೆ ಈ ಭಾವನೆ ತಪ್ಪೇನೂ ಅಲ್ಲ. ಆದರೆ ಚಿತ್ರಕಾರನು ತಾನೇ ತಗಡನ್ನು ಗೀರಿ, ತಾನೇ ಮಸಿ ತುಂಬಿ, ತಾನೇ ಪ್ರೆಸ್ಸಿನ ಚಕ್ರವನ್ನು ತಿರುಗಿಸಿ ಎತ್ತಿದ ಚಿತ್ರದ ವಿಷಯ ಬೇರೆ. ಅದಕ್ಕೆ ಆ ಕಾಗದದಿಂದಾಚೆಗೆ ಇನ್ನೊಂದು ಮೂಲವಿಲ್ಲ, ಇಪ್ಪತ್ತು ಪ್ರತಿಗಳಿದ್ದರೆ ಇಪ್ಪತ್ತೂ ಮೂಲಗಳೇ. ಅಂಚಿನಲ್ಲಿ ಸೀಸದಕಡ್ಡಿಯಿಂದ 3/20 ಎಂದು ಬರೆದು ಕಲಾವಿದನು ರುಜು ಹಾಕಿದ್ದರೆ, ಎತ್ತಿದ ಇಪ್ಪತ್ತರಲ್ಲಿ ಇದು ಮೂರನೆಯದೆಂದು ಆತನು ಕೊಟ್ಟ ಮಾತೆಂದೇ ಅದನ್ನು ತಿಳಿಯಬೇಕು.

ಈ ಭೇದವನ್ನು ಗ್ರಂಥಗಳಿಂದ ತಿಳಿಯಲು ಹೊರಡುವುದಕ್ಕಿಂತ ಕೆಲವು ದಿನ ಅಚ್ಚಿನ ಮನೆಯಲ್ಲಿ ಕೈಯನ್ನು ಕಪ್ಪಾಗಿಸಿಕೊಳ್ಳುವುದು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕಲೆಗೆ ಬೇಕಾದ ಪ್ರೆಸ್ಸು ಭಾರವಾದುದು, ದುಬಾರಿಯಾದುದು. ಆಮ್ಲದ ತೊಟ್ಟಿಗೆ ಗಾಳಿಯಾಡುವ ಪ್ರತ್ಯೇಕ ಕೋಣೆ ಬೇಕು. ಒಬ್ಬೊಬ್ಬರ ಮನೆಯಲ್ಲಿ ಇವೆಲ್ಲ ಸಾಧ್ಯವಲ್ಲವಾದುದರಿಂದ ಮುದ್ರಣಕಲೆಯು ಬಹುಮಟ್ಟಿಗೆ ಹತ್ತು ಜನ ಕೂಡಿ ಬಳಸುವ ಕಾರ್ಯಾಗಾರಗಳಲ್ಲಿಯೇ ಬೆಳೆದುಬಂದಿದೆ. ಬಯಸಿ ಬಂದವರೆಲ್ಲರಿಗೂ ಬಾಗಿಲು ತೆರೆದಿಟ್ಟ ಅಚ್ಚಿನ ಮನೆಯೊಂದು ಎಡಿನ್‌ಬರೋದಲ್ಲಿ 1967ರಲ್ಲಿ ಆರಂಭವಾಯಿತು. ದೆಹಲಿಯ ಗಢಿಯಲ್ಲಿ ಲಲಿತಕಲಾ ಅಕಾಡೆಮಿಯು 1976ರಲ್ಲಿ ಕಲಾವಿದರ ಕಾರ್ಯಾಗಾರಗಳನ್ನು ತೆರೆಯಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಲಾಶಾಲೆಯಲ್ಲಿಯೂ ಗ್ರಾಫಿಕ್ ಕಲೆಯ ವಿಭಾಗವುಂಟು.

ವಿಧಾನಗಳು ಸ್ಥೂಲವಾಗಿ ನಾಲ್ಕು. ಉಬ್ಬಿ ಉಳಿದ ಭಾಗಕ್ಕೆ ಮಸಿ ಹಿಡಿಯುವ ವುಡ್‌ಕಟ್ ಮತ್ತು ಲಿನೋಕಟ್‌ಗಳು ಒಂದು. ನಂದಲಾಲ ಬೋಸರು 1930ರಲ್ಲಿ ಕೊರೆದ, ಕೋಲು ಹಿಡಿದು ದಂಡಿಗೆ ನಡೆಯುತ್ತಿರುವ ಗಾಂಧಿಯವರ ಚಿತ್ರ ಲಿನೋಕಟ್ಟೇ. ಎಣ್ಣೆಗೂ ನೀರಿಗೂ ಇರುವ ವೈರವನ್ನು ಆಶ್ರಯಿಸಿದ ಕಲ್ಲಚ್ಚು ಇನ್ನೊಂದು. ಬಟ್ಟೆಯ ಪರದೆಯ ಮೂಲಕ ಬಣ್ಣವನ್ನು ಇಳಿಸುವುದು ಮತ್ತೊಂದು. ತಗ್ಗಿನಲ್ಲಿ ಮಸಿ ನಿಲ್ಲಿಸುವ ಎಚ್ಚಿಂಗ್ ನಾಲ್ಕನೆಯದು. ಕಲಿಯುವವನ ಮನಸ್ಸನ್ನು ಅತ್ಯಂತ ಆಳವಾಗಿ ತಿದ್ದತಕ್ಕದ್ದು ಇದೇ ಎಂದು ನಾನು ಬಗೆಯುವುದರಿಂದ ಇದರ ಬಳಿ ಸ್ವಲ್ಪ ನಿಲ್ಲುತ್ತೇನೆ.

ತಾಮ್ರದ ಅಥವಾ ಸತುವಿನ ತಗಡಿನ ಅಂಚುಗಳನ್ನು ಮೊದಲು ಅರದಿಂದ ಇಳಿಜಾರಾಗಿ ಉಜ್ಜಬೇಕು. ಇಲ್ಲವಾದರೆ ಪ್ರೆಸ್ಸಿನ ಉಣ್ಣೆಯ ಕಂಬಳಿಯೂ ಕಾಗದವೂ ಹರಿದಾವು. ಜಿಡ್ಡು ತೊಳೆದ ತಗಡಿನ ಮೇಲೆ ಜೇನುಮೇಣ, ರಾಳ, ಡಾಂಬರುಗಳು ಕೂಡಿದ ತೆಳ್ಳನೆಯ ಲೇಪವನ್ನು ಹಚ್ಚಿ, ಅದರ ಮೇಲೆ ಸೂಜಿಯಿಂದ ಚಿತ್ರ ಬರೆದರೆ, ಗೆರೆ ಬಿದ್ದೆಡೆಯಲ್ಲಿ ಮಾತ್ರ ಲೋಹ ಹೊರಗೆ ಕಾಣುತ್ತದೆ. ಆ ಬಳಿಕ ತಗಡು ಆಮ್ಲದ ಪಾಲು. ಸತುವನ್ನು ನೀರು ಬೆರೆತ ನೈಟ್ರಿಕ್ ಆಮ್ಲದಲ್ಲಿ ಇಳಿಸಿದಾಗ ಗೆರೆಗಳ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿಯ ಗರಿಯೊಂದರಿಂದ ಮೆಲ್ಲಗೆ ಸವರುತ್ತಿರಬೇಕು. ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣ ನಿಧಾನವಾದರೂ ಅಷ್ಟು ಹೊಗೆಯುಗುಳದೆ ಕೆಲಸ ಮಾಡುತ್ತದೆ. ಆಮ್ಲಕ್ಕೆ ನೀರನ್ನು ಸುರಿಯದೆ ನೀರಿಗೇ ಆಮ್ಲವನ್ನು ಸುರಿಯಬೇಕೆಂಬ ಪಾಠ ಎಲ್ಲ ಪಾಠಗಳಿಗಿಂತ ಮೊದಲು ಆಗಿರಬೇಕು. ತೊಟ್ಟಿಯಲ್ಲಿ ಕಳೆದ ಹೊತ್ತೇ ಗೆರೆಯ ಆಳ, ಆಳವೇ ಕಪ್ಪಿನ ಗಾಢತೆ. ದೂರದ ಬೆಟ್ಟದ ಗೆರೆಗಳನ್ನು ಬೇಗನೆ ಮೇಲೆತ್ತಿ ಲೇಪದಿಂದ ಮುಚ್ಚಿ, ಹತ್ತಿರದ ಮರದ ಗೆರೆಗಳನ್ನು ಇನ್ನಷ್ಟು ಹೊತ್ತು ಕಚ್ಚಗೊಡುವ ಈ ಕ್ರಮದಲ್ಲಿ ಕಾಲವೂ ಒಂದು ಕುಂಚವಾಗುತ್ತದೆ. ಗೆರೆಯಲ್ಲದ ನೆರಳು ಬೇಕಾದರೆ ರಾಳದ ಪುಡಿಯನ್ನು ತಗಡಿನ ಮೇಲೆ ಉದುರಿಸಿ ಕಾಯಿಸುವ ಅಕ್ವಾಟಿಂಟ್ ಉಂಟು. ಸ್ಪೇನಿನ ಗೋಯಾ 1799ರಲ್ಲಿ ಹೊರತಂದ ಎಂಬತ್ತು ತಗಡುಗಳ ಚಿತ್ರಮಾಲೆಯ ಆ ಭಯಾನಕವಾದ ಕತ್ತಲೆ ಇದರಿಂದಲೇ ಬಂದುದು.

ಮಸಿ ತುಂಬುವುದೂ ಸುಲಭವಲ್ಲ. ಲೇಪವನ್ನು ತೊಳೆದು ಬೆಚ್ಚಗಾಗಿಸಿದ ತಗಡಿಗೆ ಮಸಿಯನ್ನು ಒತ್ತಿ ಬಳಿದು, ಗಂಜಿಹಾಕಿದ ಜಾಳು ಬಟ್ಟೆಯಿಂದ ಒರಸಿ, ಕೊನೆಗೆ ಬರಿ ಅಂಗೈಯಿಂದ ಸವರಿದಾಗ ಮೇಲ್ಮೈಯ ಮಸಿ ಹೋಗಿ ತಗ್ಗಿನ ಮಸಿ ಉಳಿಯಬೇಕು. ನೀರಿನಲ್ಲಿ ನೆನೆಸಿ ಮೇಲಿನ ನೀರನ್ನಷ್ಟೇ ಹೀರಿಸಿದ ಕಾಗದವು ಪ್ರೆಸ್ಸಿನ ಒತ್ತಡಕ್ಕೆ ಮೆದುವಾಗಿ ಆ ತಗ್ಗುಗಳಿಗೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಬಲವು ಎಡವಾಗಿ ಚಿತ್ರ ತಿರುಗಿ ಬಂದಿರುತ್ತದೆ. ತಾನು ಬರೆದುದನ್ನು ಚಿತ್ರಕಾರನು ಪರರ ಕೃತಿಯೆಂಬಂತೆ ನೋಡುವ ಅವಕಾಶ ಅಲ್ಲಿ ದೊರೆಯುತ್ತದೆ.

ಕೆಲವು ದಿನಗಳಲ್ಲಿ ಏನು ತಾನೇ ಬಂದೀತು ಎಂದು ಸಂದೇಹಿಸುವವರಿದ್ದಾರೆ. ಆದರೆ ಚಿತ್ರಕಾರ ಮುಕುಲ ದೇ ಅವರು 1916ರಲ್ಲಿ ರವೀಂದ್ರನಾಥ ಠಾಕೂರರೊಡನೆ ಜಪಾನಿಗೆ ಹೋಗಿ, ಅಲ್ಲಿಂದ ಅಮೆರಿಕವನ್ನು ಸೇರಿ, ಷಿಕಾಗೋದಲ್ಲಿ ಎಚ್ಚಿಂಗ್ ಕಲಿತು ಬಂದುದು ಪರದೇಶದ ಒಂದು ಪ್ರಯಾಣದ ಅವಧಿಯಲ್ಲಿಯೇ. ಆ ಕಲಿಕೆ ಅವರ ಬಾಳಿನ ದಾರಿಯನ್ನೇ ನಿಶ್ಚಯಿಸಿತು. ಕೂಡಿ ದುಡಿಯುವುದರ ಫಲಕ್ಕೂ ಒಂದು ನಿದರ್ಶನವುಂಟು. ನಮ್ಮ ಕೋಲಾರಕ್ಕೆ ಹೊಂದಿಕೊಂಡ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿದ ಕೃಷ್ಣಾರೆಡ್ಡಿಯವರು ಪ್ಯಾರಿಸ್ಸಿನಲ್ಲಿ ಹೇಟರ್ ನಡೆಸುತ್ತಿದ್ದ ‘ಅತೆಲಿಯೆ 17’ ಎಂಬ ಕಾರ್ಯಾಗಾರವನ್ನು ಸೇರಿದರು. ಅಲ್ಲಿ ಹತ್ತು ದೇಶಗಳ ಕಲಾವಿದರು ಒಂದೇ ಮೇಜಿನ ಸುತ್ತ ದುಡಿಯುತ್ತಿದ್ದರು. ತೆಳು ಮಸಿಯ ಮೇಲೆ ಗಟ್ಟಿ ಮಸಿ ಅಂಟದೆಂಬ ತತ್ತ್ವವನ್ನು ಹಿಡಿದು, ಬೇರೆ ಬೇರೆ ಆಳಕ್ಕೆ ಕೊರೆದ ಒಂದೇ ತಗಡಿನ ಮೇಲೆ ಕೆಲವು ಗಡುಸಾದ, ಕೆಲವು ಮೆತ್ತನೆಯ ರೋಲರುಗಳನ್ನು ಉರುಳಿಸಿ, ಒಂದೇ ಸಲಕ್ಕೆ ಬಹುವರ್ಣದ ಚಿತ್ರವನ್ನು ಎತ್ತುವ ವಿಧಾನ ಆ ಮೇಜಿನ ಬಳಿಯಲ್ಲಿ ರೂಪುಗೊಂಡಿತು. ಅದರಲ್ಲಿ ನಮ್ಮ ರೆಡ್ಡಿಯವರ ಪಾಲು ದೊಡ್ಡದು. ಸಹವಾಸದಿಂದಲ್ಲದೆ ಏಕಾಂತದಲ್ಲಿ ಇದು ಹುಟ್ಟುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ.

ಆದರೂ ಅಲ್ಪಕಾಲದ ಶಿಬಿರಗಳಲ್ಲಿ ನನಗೆ ಒಪ್ಪಿಗೆಯಾಗದ ಒಂದು ರೂಢಿಯುಂಟು. ಸೋಮವಾರ ಲಿನೋ, ಮಂಗಳವಾರ ಎಚ್ಚಿಂಗ್, ಬುಧವಾರ ಕಲ್ಲಚ್ಚು ಎಂದು ಬಂದವರಿಗೆ ಎಲ್ಲದರ ರುಚಿಯನ್ನೂ ತೋರಿಸಿ ಕಳುಹಿಸುವುದರಿಂದ ಕಣ್ಣಿಗೆ ಹಬ್ಬವಾದೀತೇ ಹೊರತು ಕೈಗೆ ವಿದ್ಯೆ ಬಾರದು. ರೆಂಬ್ರಾಂಟನು 1653ರಲ್ಲಿ ಆರಂಭಿಸಿದ ‘ಮೂರು ಶಿಲುಬೆಗಳು’ ಎಂಬ ತಗಡನ್ನು ಮತ್ತೆ ಮತ್ತೆ ತಿದ್ದಿ, ನಾಲ್ಕನೆಯ ಅವಸ್ಥೆಯಲ್ಲಿ ಅನೇಕ ಆಕೃತಿಗಳನ್ನು ಅಳಿಸಿ, ದೃಶ್ಯದ ಬಹುಭಾಗವನ್ನು ಕತ್ತಲೆಯಲ್ಲಿ ಮುಳುಗಿಸಿದನು. ಒಂದೊಂದು ಅವಸ್ಥೆಯ ಪ್ರತಿಗಳೂ ಉಳಿದಿರುವುದರಿಂದ ಆ ಮಹಾಕಲಾವಿದನ ಆಲೋಚನೆಯ ಹೆಜ್ಜೆಗಳನ್ನು ನಾವು ಇಂದಿಗೂ ಕಾಣಬಹುದು. ಹೊಸಬನೂ ಹಾಗೆಯೇ ಒಂದೇ ಚಿಕ್ಕ ತಗಡನ್ನು ಹಿಡಿದು, ಪ್ರೂಫ್ ಎತ್ತಿ, ನೋಡಿ, ತಿದ್ದಿ, ಮತ್ತೆ ಆಮ್ಲಕ್ಕೆ ಇಳಿಸಿ, ಮತ್ತೆ ಪ್ರೂಫ್ ಎತ್ತುತ್ತ ಶಿಬಿರದ ಅವಧಿಯನ್ನೆಲ್ಲ ಕಳೆಯುವುದು ಮೇಲು.

ನಮ್ಮ ಕಲಾಶಾಲೆಗಳ ಪ್ರೆಸ್ಸುಗಳು ರಜೆಯ ದಿನಗಳಲ್ಲಿ ಸುಮ್ಮನೆ ನಿಂತಿರುತ್ತವೆ. ಆ ತಿಂಗಳುಗಳಲ್ಲಿ ಶಾಲೆಯ ಬಾಗಿಲನ್ನು ಉಪಾಧ್ಯಾಯರಿಗೆ, ಗೃಹಿಣಿಯರಿಗೆ, ಕಚೇರಿಯ ನೌಕರರಿಗೆ, ಆಸಕ್ತಿಯುಳ್ಳ ಯಾರಿಗಾದರೂ ತೆರೆದು, ಅನುಭವಿಯಾದ ಕಲಾವಿದರೊಬ್ಬರ ಮೇಲ್ವಿಚಾರಣೆಯಲ್ಲಿ ಒಂದೊಂದು ತಗಡನ್ನು ಅವರ ಕೈಗೆ ಕೊಡಬೇಕೆಂದು ಆ ಶಾಲೆಗಳನ್ನು ನಡೆಸುವ ಮಹನೀಯರಲ್ಲಿ ನನ್ನ ವಿನಂತಿ.