ಹಾಸಿಗೆ ಚಿಕ್ಕದಾದರೆ ಕಾಲು ಎಲ್ಲಿಡುವುದು?

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತದೆ ನಮ್ಮ ಗಾದೆ. ಆದರೆ ಹಾಸಿಗೆ ವರ್ಷವರ್ಷವೂ ಚಿಕ್ಕದಾಗುತ್ತ, ಅದರ ಮೇಲೆ ಮಲಗುವವರು ಮಾತ್ರ ಹೆಚ್ಚುತ್ತ ಹೋದರೆ? ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಾದ ಕೌನ್ಸಿಲ್‌ಗಳು 2010ರಿಂದೀಚೆಗೆ ಎದುರಿಸುತ್ತಿರುವ ಪ್ರಶ್ನೆ ಇದು.

ಪುಣೆಯಲ್ಲಿ ನಾನು ಕೆಲಸ ಮಾಡುವ ತಂಡ ಅಂಥದ್ದೊಂದು ಕೌನ್ಸಿಲ್‌ನ ಆರೈಕೆ ವಿಭಾಗಕ್ಕೆ ಸಾಫ್ಟ್‌ವೇರ್ ಬರೆಯುತ್ತದೆ. ಯಾರ ಮನೆಗೆ ಎಷ್ಟು ಗಂಟೆಗೆ ಸಹಾಯಕಿ ಹೋಗಬೇಕು, ಸ್ನಾನಕ್ಕೆ ಎಷ್ಟು ನಿಮಿಷ, ಮಾತ್ರೆ ಕೊಡಲು ಎಷ್ಟು ನಿಮಿಷ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಇತ್ತ ಗದಗದಲ್ಲಿ ಒಬ್ಬಳೇ ಇರುವ ಅವ್ವ ಇವತ್ತು ಬಿಪಿ ಮಾತ್ರೆ ನುಂಗಿದಳೋ ಇಲ್ಲವೋ ನನಗೆ ಗೊತ್ತಿರುವುದಿಲ್ಲ. ಫೋನ್ ಮಾಡಿದರೆ, "ನನಗೇನಾಗೇದ, ನೀ ಕಾಳಜಿ ಮಾಡಬ್ಯಾಡ" ಎಂಬ ಒಂದೇ ಉತ್ತರ. ಊರು ಬಿಟ್ಟು ಬಂದ ನಮ್ಮಲ್ಲಿ ಬಹಳಷ್ಟು ಮಂದಿಯ ಕಥೆ ಇದೇ ಅಲ್ಲವೇ? ಹಾಗಾಗಿ ದೂರದ ಆ ಕೌನ್ಸಿಲ್‌ಗಳು ಏನು ಮಾಡಿದವು ಎಂಬುದನ್ನು ನಾವೂ ತಿಳಿಯುವುದು ಒಳ್ಳೆಯದು.

ಕಾನೂನಿನ ಹೊಣೆ, ಖಾಲಿ ಖಜಾನೆ

ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಎಲ್ಲರಿಗೂ ಉಚಿತ. ಆದರೆ ಮನೆಯಲ್ಲಿ ಸ್ನಾನ ಮಾಡಿಸುವುದು, ಉಣಿಸುವುದು, ಕೇರ್ ಹೋಮ್‌ನಲ್ಲಿ ನೋಡಿಕೊಳ್ಳುವುದು ಬೇರೆ ಲೆಕ್ಕ. 2014ರ ಕೇರ್ ಕಾಯ್ದೆಯ ಪ್ರಕಾರ ಇದರ ಹೊಣೆ ಕೌನ್ಸಿಲ್‌ನದು. ವೃದ್ಧರಷ್ಟೇ ಅಲ್ಲ, ಅಂಗವಿಕಲರಾದ ಕಿರಿಯ ವಯಸ್ಕರೂ ಇದರಡಿ ಬರುತ್ತಾರೆ. ಲೆಕ್ಕಕ್ಕೆ ಸಿಗುವ ಆಸ್ತಿ-ಉಳಿತಾಯ 23,250 ಪೌಂಡ್ ದಾಟಿದವರು ಸಾಮಾನ್ಯವಾಗಿ ಪೂರ್ತಿ ಖರ್ಚು ತಾವೇ ಭರಿಸಬೇಕು. 2010ರಿಂದ ಈ ಮಿತಿ ಏರಿಲ್ಲ, ಬೆಲೆಗಳು ಏರಿವೆ.

2010ರ ನಂತರ ಕೇಂದ್ರದ ಅನುದಾನ ಕಡಿತವಾಯಿತು. ದೈನಂದಿನ ಖರ್ಚಿಗೆ ಸಾಲ ಮಾಡಲು ಕೌನ್ಸಿಲ್‌ಗಳಿಗೆ ಕಾನೂನಿನಲ್ಲಿ ಅವಕಾಶವಿಲ್ಲ. 2016ರಿಂದ ಆರೈಕೆಗೆಂದೇ ಸ್ಥಳೀಯ ತೆರಿಗೆಯನ್ನು ಹೆಚ್ಚಿಸಿಕೊಳ್ಳಲು ಅನುಮತಿ ಸಿಕ್ಕಿತು. ಆದರೆ ಬಡ ಊರಿನಲ್ಲಿ ತೆರಿಗೆ ಹೆಚ್ಚಿಸಿದರೆ ಬರುವುದೆಷ್ಟು? ಎಲ್ಲಿ ಅಗತ್ಯ ಹೆಚ್ಚೋ ಅಲ್ಲೇ ವಸೂಲಿ ಕಡಿಮೆ. ಆಗ ಹಲವೆಡೆ ಕಂಡ ಸುಲಭದ ದಾರಿ ನಿಮಿಷಗಳ ಕಡಿತ. ಹದಿನೈದು ನಿಮಿಷಗಳ ಭೇಟಿ ಅಲ್ಲಿ ಕುಖ್ಯಾತವಾಗಿದೆ. ಅಷ್ಟರಲ್ಲಿ ಕೋಟು ಬಿಚ್ಚಿ, ಅಜ್ಜಿಯನ್ನು ಎಬ್ಬಿಸಿ, ಚಹಾ ಕಾಸಿಕೊಟ್ಟು ಹೊರಡಬೇಕು. ಮಾತಿಗೆ ಸಮಯವೆಲ್ಲಿ?

ಪ್ರಶ್ನೆ ಬದಲಿಸಿದ ವಿಗನ್

ಗ್ರೇಟರ್ ಮ್ಯಾಂಚೆಸ್ಟರ್ ಪ್ರದೇಶದ ವಿಗನ್, ಒಂದು ಕಾಲದ ಕಲ್ಲಿದ್ದಲು ಗಣಿ ಮತ್ತು ಹತ್ತಿ ಗಿರಣಿಗಳ ಊರು. ಕಡಿತದ ಪೆಟ್ಟು ಜೋರಾಗಿ ಬಿದ್ದ ಕೌನ್ಸಿಲ್‌ಗಳಲ್ಲಿ ಅದೂ ಒಂದು. 2011ರ ಹೊತ್ತಿಗೆ ಅದು ಜನರೊಂದಿಗೆ ಒಂದು ಅಲಿಖಿತ ಒಪ್ಪಂದಕ್ಕೆ ಹೊರಟಿತು. ಅದಕ್ಕೆ 'ಡೀಲ್' ಎಂದೇ ಹೆಸರು. ತೆರಿಗೆಯನ್ನು ಆದಷ್ಟು ಕಡಿಮೆ ಇಡುತ್ತೇವೆ, ನೀವು ಆರೋಗ್ಯ ನೋಡಿಕೊಳ್ಳಿ, ನೆರೆಯವರಿಗೆ ಆಸರೆಯಾಗಿ ಎಂಬುದು ಅದರ ಸಾರ.

ಇದು ಬರೀ ಘೋಷಣೆಯಾಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಅಲ್ಲಿ ಸಿಬ್ಬಂದಿಗೆ ಮಾನವಶಾಸ್ತ್ರಜ್ಞರ ವಿಧಾನದಲ್ಲಿ, ಅಂದರೆ ಎದುರಿಗಿರುವವರ ಬದುಕನ್ನು ಕುಳಿತು ಕೇಳಿ ಅರ್ಥಮಾಡಿಕೊಳ್ಳುವ ರೀತಿಯಲ್ಲಿ ತರಬೇತಿ ಕೊಡಲಾಯಿತು. 'ನಿಮಗೇನು ತೊಂದರೆ' ಎನ್ನುವ ಬದಲು 'ನಿಮಗೇನು ಇಷ್ಟ, ಏನು ಬರುತ್ತದೆ, ಸುತ್ತ ಯಾರಿದ್ದಾರೆ' ಎಂದು ಮಾತು ಶುರುವಾಯಿತು. ಜೊತೆಗೆ ಸ್ಥಳೀಯ ಸಂಘಗಳಿಗೆ ಕೌನ್ಸಿಲ್ ಹಣವನ್ನೂ ಕೊಟ್ಟಿತು.

ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥವಾದೀತು. ಅರ್ಜಿ ನಮೂನೆಯಲ್ಲಿ ಯಾವ ಕಾಲಂ ಇದೆಯೋ ವ್ಯವಸ್ಥೆಗೆ ಅಷ್ಟೇ ಕಾಣಿಸುತ್ತದೆ. 'ಮಾಡಲಾಗದ ಕೆಲಸಗಳು' ಎಂಬ ಕಾಲಂ ಮಾತ್ರ ಇದ್ದರೆ, ಹೊಲಿಗೆಯಲ್ಲಿ ಪಳಗಿದ ಅಜ್ಜಿಯೂ ಅಲ್ಲಿ ಬರೀ ಮೊಣಕಾಲು ನೋವಾಗಿ ದಾಖಲಾಗುತ್ತಾಳೆ. ಒಂಟಿತನಕ್ಕೆ ಭಜನೆ ಮಂಡಳಿಯಂಥ ಒಂದು ಗುಂಪು ಸಾಕಿದ್ದಾಗಲೂ ವ್ಯವಸ್ಥೆ ದುಬಾರಿ ಸೇವೆಯನ್ನೇ ಬರೆದುಕೊಡುತ್ತದೆ.

ಸೋಮರ್ಸೆಟ್ ಎಂಬ ಗ್ರಾಮೀಣ ಕೌಂಟಿಯದು ಇನ್ನೊಂದು ದಾರಿ. ಚದುರಿದ ಹಳ್ಳಿಗಳಿಗೆ ದೊಡ್ಡ ಏಜೆನ್ಸಿಗಳು ತಲುಪುವುದು ಕಷ್ಟ. ಹಾಗಾಗಿ ಅಲ್ಲಿನ ಕೌನ್ಸಿಲ್, ಹಳ್ಳಿಯವರೇ ತಮ್ಮ ಆಸುಪಾಸಿನ ಕೆಲವರಿಗೆ ಹಣ ಪಡೆದು ಆರೈಕೆ ಮಾಡುವ ಸಣ್ಣ ಉದ್ಯೋಗ ಆರಂಭಿಸಲು ನೆರವಾಯಿತು. ಅಂಥವರು ಈಗ ನೂರಾರು ಮಂದಿ.

ನೆರೆಹೊರೆ ಸಾಕೇ?

ಇಲ್ಲ. ಪಾರ್ಶ್ವವಾಯು ಆದವರನ್ನು ಎತ್ತಿ ಮಲಗಿಸಲು, ಮರೆವಿನ ಕಾಯಿಲೆಯವರನ್ನು ರಾತ್ರಿಯಿಡೀ ಕಾಯಲು ತರಬೇತಾದ, ಸಂಬಳ ಪಡೆಯುವ ಕೈಗಳೇ ಬೇಕು. 'ಸಮುದಾಯ ನೋಡಿಕೊಳ್ಳಲಿ' ಎಂದರೆ ಬಹಳಷ್ಟು ಸಲ 'ಮನೆಯ ಹೆಂಗಸರು ಪುಕ್ಕಟೆ ನೋಡಿಕೊಳ್ಳಲಿ' ಎಂದೇ ಅರ್ಥ. ಕಡಿಮೆ ಕೂಲಿಯ ಈ ಕೆಲಸಕ್ಕೆ ಅಲ್ಲಿ ಜನ ಸಿಗದೆ, 2022ರಲ್ಲಿ ಭಾರತವೂ ಸೇರಿ ಹೊರದೇಶಗಳವರಿಗೆ ವೀಸಾ ಬಾಗಿಲು ತೆರೆದರು. 2025ರ ಜುಲೈನಲ್ಲಿ ಹೊಸ ನೇಮಕಕ್ಕೆ ಅದನ್ನು ಮುಚ್ಚಿದರು. ಒಬ್ಬ ವ್ಯಕ್ತಿ ಜೀವಮಾನದಲ್ಲಿ ಆರೈಕೆಗೆ ಕೊಡಬೇಕಾದ ಹಣಕ್ಕೆ 86,000 ಪೌಂಡ್‌ಗಳ ಮಿತಿ ಹಾಕುವ ಯೋಜನೆ ಮುಂದೂಡುತ್ತ ಹೋಗಿ 2024ರಲ್ಲಿ ರದ್ದಾಯಿತು.

ತಂತ್ರಜ್ಞಾನವೂ ಮಂತ್ರದಂಡವಲ್ಲ. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ 2023ರ ಸೆಪ್ಟೆಂಬರ್‌ನಲ್ಲಿ ದಿವಾಳಿಗೆ ಸಮನಾದ ನೋಟಿಸ್ ಹೊರಡಿಸಿತು. ಮುಖ್ಯ ಕಾರಣ ಸಮಾನ ವೇತನದ ಬಾಕಿ. ಜೊತೆಗೆ, ಸುಮಾರು 1.9 ಕೋಟಿ ಪೌಂಡ್ ಅಂದಾಜಿನಲ್ಲಿ ಶುರುವಾದ ಲೆಕ್ಕಪತ್ರ ಸಾಫ್ಟ್‌ವೇರ್‌ನ ವೆಚ್ಚ 10 ಕೋಟಿಯ ಆಸುಪಾಸಿಗೆ ಉಬ್ಬಿದ್ದೂ ಹೊರೆಯಾಯಿತು.

ನಮ್ಮೂರಿನ ಲೆಕ್ಕ

ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು, ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸುವ ಕೈಯನ್ನು ಕೊಡಲಾರದು. ಆ ಹೊಣೆ ನಗರಸಭೆಯದೂ ಅಲ್ಲ, ಪಂಚಾಯ್ತಿಯದೂ ಅಲ್ಲ. ಆದರೆ ಆಗದ ಮಾತೇನಲ್ಲ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ತಂದು, ಪಂಚಾಯ್ತಿಗಳ ಮೂಲಕ ಹಾಸಿಗೆ ಹಿಡಿದವರ ಮನೆಗೆ ನರ್ಸ್‌ಗಳನ್ನು, ಸ್ವಯಂಸೇವಕರನ್ನು ಕಳಿಸುತ್ತಿದೆ. ಕರ್ನಾಟಕದ ಪಂಚಾಯ್ತಿಗಳಿಂದಲೂ ನಾವು ಇದನ್ನು ಕೇಳಬಹುದು. ಊರಲ್ಲಿ ನಮ್ಮ ಹೆಸರು ಮತಪಟ್ಟಿಯಲ್ಲಿ ಇರಲಿ ಬಿಡಲಿ, ಅಪ್ಪ-ಅವ್ವನ ಹೆಸರು ಇದ್ದೇ ಇರುತ್ತದೆ.

ಅಲ್ಲಿಯವರೆಗೆ ಪ್ರತಿ ಮನೆಯೂ ಒಂದು ಪುಟ್ಟ ಕೌನ್ಸಿಲ್. ಬಜೆಟ್ಟೂ ಪುಟ್ಟದು. ಹಾಗಾಗಿ ವಿಗನ್‌ನ ಪ್ರಶ್ನೆಯನ್ನು ನಮ್ಮ ಮನೆಯಲ್ಲೂ ಕೇಳಬಹುದು. ಕ್ಯಾಮೆರಾ, ಸ್ಮಾರ್ಟ್ ವಾಚ್ ಕೊಳ್ಳುವ ಮುನ್ನ ಅವರ ದಿನ ಹೇಗೆ ಕಳೆಯುತ್ತದೆ, ಅದರಲ್ಲಿ ಏನಿದ್ದರೆ ಖುಷಿ ಎಂದು ಕೇಳಿ. ಓಣಿಯಲ್ಲಿ ಕರೆದರೆ ಬರುವವರು ಯಾರು ಎಂಬ ಪಟ್ಟಿ ಮಾಡಿ. ದಿನಾ ಬಂದು ನೋಡಿಕೊಳ್ಳುವ ಹೆಣ್ಣುಮಗಳಿದ್ದರೆ 'ಮನೆಯವಳಂತೆ' ಎಂದು ಹೊಗಳಿ ಸುಮ್ಮನಾಗದೆ, ತಪ್ಪದೆ ಸರಿಯಾದ ಸಂಬಳ, ವಾರಕ್ಕೊಂದು ರಜೆ ಕೊಡಿ. ಹಿರಿಯರ ಸಹಾಯವಾಣಿ 14567 ಗೋಡೆಯ ಮೇಲೆ ದೊಡ್ಡಕ್ಷರದಲ್ಲಿರಲಿ.

ಹಾಸಿಗೆಯನ್ನು ಹಿಗ್ಗಿಸಲು ಸರ್ಕಾರ ಬೇಕು, ಅದನ್ನು ಕೇಳುತ್ತಲೇ ಇರೋಣ. ಅದರ ಮೇಲೆ ಮಲಗಿದವರಿಗೆ ಕಾಲು ಎಲ್ಲಿ ನೋಯುತ್ತಿದೆ ಎಂದು ಕೇಳಲು ಮಾತ್ರ ಯಾವ ಅನುದಾನವೂ ಬೇಕಿಲ್ಲ.